ಮಾರನೇ ದಿನ ಬೆಳಗ್ಗೆ ಸಿಗೋರಿಗೆ ನಮ್ಮ ಓಟು

ಎರಡನೇ ಇಂಟರ್ನಲ್ಸ್ ಮುಗಿದ ರಾತ್ರಿ. ನಾವು ಎಂಟು ಜನ ಮೆಸ್‌ನಲ್ಲಿ ಊಟಕ್ಕೆ ಕೂತಿದ್ವಿ. ಮುದ್ದೆ, ಬಸ್ಸಾರು. ಪೇಪರ್ ಎಷ್ಟು ಕಷ್ಟ ಇತ್ತು ಅನ್ನೋ ಗೋಳು ನಡೀತಾ ಇತ್ತು. ಸಾರು ಬಡಿಸ್ತಾ ಬಡಿಸ್ತಾನೇ ಮೆಸ್ ಆಂಟಿ ಹೇಳಿದ್ರು: "ಕಾರ್ಪೊರೇಷನ್ ಎಲೆಕ್ಷನ್ ಬಂದ್ರೆ ಈ ಸಲ ನಾನೂ ನಿಂತ್ಕೊಳ್ಳೋಣ ಅಂತಿದೀನಿ ಕಣ್ರಪ್ಪ."

ನಾವು ನಕ್ಕುಬಿಟ್ವಿ. ಅವರನ್ನು ಅವಮಾನ ಮಾಡಬೇಕು ಅಂತ ಅಲ್ಲ. ಎಲೆಕ್ಷನ್ ಅಂದ ಕೂಡಲೇ ನಮ್ಮ ತಲೆಗೆ ಬರೋದು ಫ್ಲೆಕ್ಸ್, ಬಿಳಿ ಕಾರು, ಹಿಂದೆ ಇಪ್ಪತ್ತು ಬೈಕು. ಸೌಟು ಹಿಡಿದ ಕೈ ಆ ಚಿತ್ರದಲ್ಲಿ ಎಲ್ಲೂ ಕೂರಲಿಲ್ಲ. ಆಂಟಿ ಬೇಜಾರೇನೂ ಮಾಡ್ಕೊಳ್ಳಲಿಲ್ಲ. "ನಗ್ರೋ ನಗ್ರಿ. ನಿಮ್ಮಲ್ಲಿ ಎಷ್ಟು ಜನದ್ದು ಓಟು ಐತೆ ಇಲ್ಲಿ?" ಅಂತ ಕೇಳಿದ್ರು.

ನಾವು ಅಂದ್ರೆ ಸೆಕೆಂಡ್ ಇಯರ್‌ನ ಎಂಟು ಜನ. ಇಬ್ಬರು ಗುಬ್ಬಿ ಕಡೆಯವರು, ಒಬ್ಬ ಕುಣಿಗಲ್‌ನವನು, ಒಬ್ಬಳು ಇದೇ ತುಮಕೂರಿನ ಚಿಕ್ಕಪೇಟೆಯವಳು, ಉಳಿದ ನಾಲ್ವರು ಬೇರೆ ಬೇರೆ ಜಿಲ್ಲೆಯವರು. ಎಲ್ಲರಿಗೂ ಹತ್ತೊಂಬತ್ತು ಅಥವಾ ಇಪ್ಪತ್ತು. ಮೂವರ ಹತ್ತಿರ ವೋಟರ್ ಐಡಿನೇ ಇರಲಿಲ್ಲ. ನಾಲ್ವರದ್ದು ಅವರವರ ಊರಲ್ಲಿ. ತುಮಕೂರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದದ್ದು ಚಿಕ್ಕಪೇಟೆಯವಳದ್ದು ಮಾತ್ರ. ವರ್ಷಕ್ಕೆ ಹತ್ತು ತಿಂಗಳು ಈ ಊರಿನ ನೀರು ಕುಡಿದು, ಈ ಊರಿನ ರಸ್ತೆ ಗುಂಡಿಗೆ ಬೈಕೊಂಡು ಓಡಾಡೋ ಎಂಟು ಜನರಲ್ಲಿ ಒಂದೇ ಓಟು. ನಗು ನಿಂತಿತು.

ಆ ರಾತ್ರಿಯಿಂದ ಶುರುವಾದ ವಾದ ಪಿಜಿ ರೂಮಲ್ಲಿ, ಲ್ಯಾಬ್‌ನಲ್ಲಿ, ಗುಬ್ಬಿ ಕಡೆಯ ಟ್ರೇನಲ್ಲಿ ಮುಂದುವರಿದು ಈ ಬರಹ ಆಗಿದೆ. ನಾವೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಹೈಸ್ಕೂಲಿನಲ್ಲಿ ಮುನ್ಸಿಪಾಲಿಟಿಯ ಕೆಲಸಗಳನ್ನು ಐದು ಮಾರ್ಕ್ಸಿಗೆ ಬಾಯಿಪಾಠ ಮಾಡಿ ಮರೆತವರು. ಒತ್ತಕ್ಷರ ತಪ್ಪಿದ್ರೆ ಕ್ಷಮಿಸಿ, ವಾದ ತಪ್ಪಿದ್ರೆ ಕಾಮೆಂಟ್ ಮಾಡಿ.

ನಮ್ಮ ಪ್ರಶ್ನೆ ಇಷ್ಟೇ: ಒಂದು ಬೀದಿಯಲ್ಲಿ ಬಹಳ ವರ್ಷದಿಂದ ಇರೋರು ಅನ್ನೋದು ಚುನಾವಣೆಗೆ ನಿಲ್ಲೋಕೆ ಒಂದು ಅರ್ಹತೆನಾ?

ಕಾನೂನು ಕೇಳೋದು ಎಷ್ಟು?

ಮೊದಲು ಕಾನೂನು ನೋಡಿದ್ವಿ. ನಾವು ಓಡಾಡುವ ಮೂರು ಊರಿನಲ್ಲಿ ಮೂರು ಥರದ ಸ್ಥಳೀಯ ಸಂಸ್ಥೆ ಇದೆ. ತುಮಕೂರಿನದು ಮಹಾನಗರ ಪಾಲಿಕೆ, ಕುಣಿಗಲ್‌ನದು ಪುರಸಭೆ, ಗುಬ್ಬಿಯದು ಪಟ್ಟಣ ಪಂಚಾಯಿತಿ. ಪಾಲಿಕೆ ನಡೆಯೋದು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ಪ್ರಕಾರ. ಉಳಿದೆರಡು 1964ರ ಕರ್ನಾಟಕ ಮುನಿಸಿಪಾಲಿಟಿ ಕಾಯ್ದೆ ಪ್ರಕಾರ. ಜನಸಂಖ್ಯೆ 10 ಸಾವಿರದಿಂದ 20 ಸಾವಿರ ಇದ್ದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, ಅದರ ಮೇಲೆ 3 ಲಕ್ಷದವರೆಗೆ ನಗರಸಭೆ, 3 ಲಕ್ಷ ದಾಟಿದರೆ ಪಾಲಿಕೆ ಅನ್ನೋದು ಸ್ಥೂಲ ಲೆಕ್ಕ.

ನಿಲ್ಲೋಕೆ ವಯಸ್ಸು 21 ತುಂಬಿರಬೇಕು. ವಿಧಾನಸಭೆಗೆ 25 ಬೇಕು, ಇಲ್ಲಿ 21 ಸಾಕು ಅಂತ ಸಂವಿಧಾನವೇ ಹೇಳುತ್ತೆ. ಅಂದ್ರೆ ನಾವು ಫೈನಲ್ ಇಯರ್ ಮುಗಿಸೋ ಹೊತ್ತಿಗೆ ಶಾಸಕರಾಗೋಕೆ ಆಗಲ್ಲ, ಕಾರ್ಪೊರೇಟರ್ ಆಗಬಹುದು! ಇನ್ನೊಂದು ಷರತ್ತು, ಹೆಸರು ಆ ನಗರದ ಮತದಾರರ ಪಟ್ಟಿಯಲ್ಲಿ ಇರಬೇಕು. ಗಮನಿಸಿ, ಆ ನಗರದ ಪಟ್ಟಿ. ನಿಲ್ಲುವ ವಾರ್ಡಿನದೇ ಆಗಬೇಕು ಅಂತಿಲ್ಲ. ಕ್ಯಾತ್ಸಂದ್ರದಲ್ಲಿ ಮನೆ ಇರೋರು ಶಿರಾ ಗೇಟ್ ಕಡೆಯ ವಾರ್ಡಿನಲ್ಲಿ ನಿಲ್ಲಬಹುದು. ಎಷ್ಟು ವರ್ಷದಿಂದ ಇದ್ದೀರಿ ಅಂತ ಯಾರೂ ಕೇಳಲ್ಲ.

ಹಾಗಾದ್ರೆ ಕಾನೂನಿನ ಕಣ್ಣಲ್ಲಿ ಆಂಟಿಯ ಇಪ್ಪತ್ತೆಂಟು ವರ್ಷಕ್ಕೆ ಬೆಲೆ ಸೊನ್ನೆ. ಅದು ಸರೀನೂ ಹೌದು. ಇಂತಿಷ್ಟು ವರ್ಷ ಇರಲೇಬೇಕು ಅಂತ ನಿಯಮ ಮಾಡಿದ್ರೆ ಮದುವೆಯಾಗಿ ಬಂದ ಹೆಣ್ಣುಮಕ್ಕಳು, ಬಾಡಿಗೆ ಮನೆಯವರು, ಕೆಲಸ ಹುಡುಕಿ ಬಂದವರು ಎಲ್ಲ ಹೊರಗೆ ಉಳೀತಾರೆ. ಆಂಟಿ ಕೂಡ ಮದುವೆಯಾಗಿ ಈ ಊರಿಗೆ ಬಂದವರೇ. ಕಾನೂನು ಬಾಗಿಲು ಅಗಲ ತೆರೆದಿಟ್ಟಿದೆ. ಆ ಬಾಗಿಲಿಂದ ಬಂದವರಲ್ಲಿ ಯಾರನ್ನು ಆರಿಸಬೇಕು ಅನ್ನೋದನ್ನ ನಮಗೆ ಬಿಟ್ಟಿದೆ.

ನಮ್ಮ ಆ್ಯಪ್ ಸೋತ ಕತೆ

ಇಲ್ಲಿ ನಮ್ಮದೇ ಒಂದು ಸೋಲು ಹೇಳಬೇಕು. ಕಳೆದ ವರ್ಷ ಒಂದು ಹ್ಯಾಕಥಾನ್‌ಗೆ ನಾವು ಆ್ಯಪ್ ಮಾಡಿದ್ವಿ. ರಸ್ತೆ ಗುಂಡಿ, ಒಡೆದ ಪೈಪ್, ಉರಿಯದ ಬೀದಿದೀಪ ಕಂಡ್ರೆ ಫೋಟೋ ತೆಗೆದು ಹಾಕಬೇಕು, ಲೊಕೇಷನ್ ತಾನಾಗಿ ಹೋಗುತ್ತೆ. ಇಂಟರ್‌ಫೇಸ್ ಚೆನ್ನಾಗಿತ್ತು, ಜಡ್ಜ್‌ಗಳಿಗೂ ಇಷ್ಟ ಆಯ್ತು. ಆದ್ರೆ ಒಂದು ಡ್ರಾಪ್‌ಡೌನ್‌ನಲ್ಲಿ ಸಿಕ್ಕಿಬಿದ್ವಿ. ದೂರು ಯಾರಿಗೆ ಹೋಗಬೇಕು?

ಒಂದು ಗುಂಡಿ ತಗೊಳ್ಳಿ. ನೀರಿನ ಪೈಪ್ ಹಾಕೋಕೆ ಅಗೆದದ್ದಾ, ಒಳಚರಂಡಿಗಾ, ಕೇಬಲ್‌ಗಾ? ರಸ್ತೆ ನಗರದ್ದಾ, ರಾಜ್ಯದ್ದಾ, ಹೆದ್ದಾರಿಯವರದ್ದಾ? ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ಕೆಲಸಗಳಿಗೆ ಪಾಲಿಕೆಯಲ್ಲದೆ ಬೇರೆಯೇ ಒಂದು ಕಂಪನಿ ಇದೆ. ಹೀಗಾಗಿ ಯಾರು ಅಗೆದರು, ಯಾರು ಮುಚ್ಚಬೇಕು ಅನ್ನೋದು ರಸ್ತೆಯಲ್ಲಿ ಓಡಾಡೋರಿಗೆ ತಿಳಿಯಲ್ಲ. ನಾವು ಪ್ರಯೋಗಕ್ಕೆ ಅಂತ ಮೆಸ್ ಮುಂದಿನ ಚರಂಡಿಯದ್ದೇ ಒಂದು ದೂರು ತಗೊಂಡು ಕಚೇರಿ ಸುತ್ತಿದ್ವಿ. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದ್ರು, ಅಲ್ಲಿಂದ ಮತ್ತೊಂದಕ್ಕೆ. ಮೂರನೇ ಕಚೇರಿಯಲ್ಲಿ ಲಂಚ್ ಟೈಮ್. ವಾಪಸ್ ಬಂದು ಡ್ರಾಪ್‌ಡೌನ್‌ನಲ್ಲಿ 'ಇತರೆ' ಅಂತ ಒಂದು ಆಯ್ಕೆ ಸೇರಿಸಿದ್ವಿ.

ಆಂಟಿಗೆ ಇದನ್ನ ಹೇಳಿದಾಗ ಅವರು ಒಂದು ಹಳೇ ನೋಟ್‌ಬುಕ್ ತಂದು ತೋರಿಸಿದ್ರು. ಮೆಸ್ ಲೆಕ್ಕದ ಪುಸ್ತಕ. ಹಿಂದಿನ ಪುಟಗಳಲ್ಲಿ ಬೇರೆ ಲೆಕ್ಕ ಇತ್ತು. ನೀರು ಯಾವ ಯಾವ ದಿನ ಬಂತು, ಎಷ್ಟು ಹೊತ್ತು. ಟ್ಯಾಂಕರ್ ಎಷ್ಟು ಸಲ ತರಿಸಿದ್ದು, ಎಷ್ಟು ಕೊಟ್ಟದ್ದು. ಚರಂಡಿ ಯಾವ ಮಳೆಗೆ ಎಲ್ಲಿ ಉಕ್ಕಿತು. ಎದುರು ಮನೆಯವರು ಕಾಂಪೌಂಡ್ ಎಳೆದಾಗ ಕಲ್ಲುಚಪ್ಪಡಿ ಕೆಳಗೆ ಮೋರಿ ಎಲ್ಲಿ ತಿರುಗಿತು. ನಮ್ಮ ಸಿವಿಲ್ ಬ್ರಾಂಚ್ ಗೆಳೆಯ ಆ ಪುಟ ನೋಡಿ, "ಇದು ಡ್ರೈನೇಜ್ ಸರ್ವೆ ಕಣ್ರೋ" ಅಂದ. ಸ್ಕೇಲ್ ಇಲ್ಲ, ಉತ್ತರ ದಿಕ್ಕು ಗುರುತಿಲ್ಲ, ಆದ್ರೆ ಮಳೆಗಾಲದಲ್ಲಿ ನೀರು ಯಾವ ಕಡೆ ಓಡುತ್ತೆ ಅನ್ನೋದು ಅದರಲ್ಲಿ ತಪ್ಪಿಲ್ಲ.

ತುಮಕೂರಿಗೆ ಕುಡಿಯೋ ನೀರು ಬರೋದು ಬುಗುಡನಹಳ್ಳಿ ಕೆರೆಯಿಂದ, ಆ ಕೆರೆ ತುಂಬೋದು ಹೇಮಾವತಿ ನಾಲೆಯ ನೀರಿಂದ. ಇಷ್ಟು ನಮಗೂ ಗೊತ್ತಿತ್ತು, ಗೂಗಲ್‌ಗೂ ಗೊತ್ತು. ನಾಲೆಯಲ್ಲಿ ನೀರು ನಿಂತ ಎಷ್ಟು ದಿನಕ್ಕೆ ನಮ್ಮ ಬೀದಿಯ ನಲ್ಲಿ ಸಣ್ಣಗಾಗುತ್ತೆ ಅನ್ನೋದು ಆಂಟಿ ಪುಸ್ತಕದಲ್ಲಿ ಮಾತ್ರ ಇತ್ತು.

"ನೀವು ಕಂಪ್ಯೂಟರ್‌ನಲ್ಲಿ ಹುಡುಕ್ತಿದ್ದೀರಲ್ಲ ಯಾರಿಗೆ ಹೇಳ್ಬೇಕು ಅಂತ," ಅಂದ್ರು ಆಂಟಿ, "ಮೊದ್ಲು ಕಾರ್ಪೊರೇಟರ್ ಮನೆ ಬಾಗ್ಲಿಗೆ ಹೋಗಿ ನಿಂತ್ಕೊಳ್ತಿದ್ವಿ. ಯಾವ ಆಫೀಸು ಅಂತ ಅವರೇ ಹುಡುಕ್ಕೊಳ್ಳೋರು. ಮಾಡಲಿಲ್ಲ ಅಂದ್ರೆ ಮಾರನೇ ದಿನ ಬೆಳಗ್ಗೆ ಹಾಲಿನ ಅಂಗಡಿ ಹತ್ರ ಸಿಕ್ತಿದ್ರು. ಬೈತಿದ್ವಿ."

ನಮ್ಮ ಆ್ಯಪ್‌ಗೆ ಬೇಕಿದ್ದ ಡ್ರಾಪ್‌ಡೌನ್ ಒಬ್ಬ ಮನುಷ್ಯ ಆಗಿದ್ರು ಅಂತ ಅವತ್ತು ಗೊತ್ತಾಯ್ತು.

ಹಳಬರೆಲ್ಲ ಒಳ್ಳೆಯವರಾ?

ಇಲ್ಲಿಗೇ ನಿಲ್ಲಿಸಿದ್ರೆ ಇದು ಆಂಟಿ ಪರ ಪ್ರಚಾರದ ಪಾಂಪ್ಲೆಟ್ ಆಗ್ತಿತ್ತು. ನಮ್ಮಲ್ಲೇ ನಾಲ್ಕು ಜನ ಒಪ್ಪಲಿಲ್ಲ. ಅವರ ವಾದವೂ ಗಟ್ಟಿಯಾಗಿದೆ.

ಮೊದಲನೇದು, ಹಳಬರಿಗೆ ಬೀದಿ ತಮ್ಮದೇ ಅನ್ನೋ ಭಾವನೆ ಬಂದುಬಿಡುತ್ತೆ. ನಮ್ಮ ಪಿಜಿ ಇರೋ ರಸ್ತೆಯಲ್ಲೇ 'ಬ್ಯಾಚುಲರ್‌ಗಳಿಗೆ ಮನೆ ಇಲ್ಲ' ಅಂತ ಬೋರ್ಡ್ ಹಾಕಿರೋರೂ ಹಳೇ ನಿವಾಸಿಗಳೇ. ರಾತ್ರಿ ಒಂಬತ್ತಕ್ಕೆ ಪ್ರಾಜೆಕ್ಟ್ ಮುಗಿಸಿ ಬರೋ ಹುಡುಗಿಯರನ್ನ ಗೇಟ್‌ನಿಂದ ಗುರಾಯಿಸೋರೂ ಅವರೇ. ನಲವತ್ತು ವರ್ಷ ಇಲ್ಲೇ ಇದ್ದೇನೆ ಅನ್ನೋದನ್ನ ಕೆಲವರು ಸೇವೆ ಥರ ಹೇಳ್ತಾರೆ, ಕೆಲವರು ಹಕ್ಕುಪತ್ರ ಥರ ಹೇಳ್ತಾರೆ. ಎರಡನೇ ಥರದವರು ಗೆದ್ರೆ ನಮ್ಮಂಥ ಬಾಡಿಗೆ ಜನಕ್ಕೆ ಕಷ್ಟವೇ.

ಎರಡನೇದು ಕುಣಿಗಲ್ ಗೆಳೆಯನ ಮಾತು. ಸಣ್ಣ ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅದೇ ತೊಂದರೆ ಅಂತಾನೆ ಅವನು. "ನಮ್ಮನೆ ಮದುವೆಗೆ ಬಂದು ಓಡಾಡಿದವರು, ಸಾವಿಗೆ ಬಂದು ಹೆಗಲು ಕೊಟ್ಟವರು ನಾಳೆ ಪುರಸಭೆಗೆ ನಿಂತ್ರೆ ಅವರ ವಿರುದ್ಧ ಹೆಂಗೋ ಮಾತಾಡ್ತೀಯಾ? ಚರಂಡಿ ಯಾಕೆ ಮಾಡಿಸಲಿಲ್ಲ ಅಂತ ಕೇಳೋಕೆ ನಾಲಗೆನೇ ಏಳಲ್ಲ." ಪರಿಚಯ ಅನ್ನೋದು ಲೆಕ್ಕ ಕೇಳೋಕೆ ಸಲುಗೆ ಕೊಡುತ್ತೆ ಅಂತ ನಾವು ಅಂದ್ಕೊಂಡಿದ್ವಿ. ಎಷ್ಟೋ ಸಲ ಅದು ಬಾಯಿ ಮುಚ್ಚಿಸುತ್ತೆ ಅನ್ನೋದೂ ನಿಜ.

ಮೂರನೇದು ಗುಬ್ಬಿಯ ಇಬ್ಬರದ್ದು. ಅವರ ಊರೆಲ್ಲ ಸೇರಿದ್ರೂ ತುಮಕೂರಿನ ಎರಡು ಚಿಲ್ಲರೆ ವಾರ್ಡಿನಷ್ಟು. ಅಲ್ಲಿ ಸದಸ್ಯರು ಚನ್ನಬಸವೇಶ್ವರ ಜಾತ್ರೆಯಲ್ಲಿ ಸಿಗ್ತಾರೆ, ಸ್ಟೇಷನ್‌ನಲ್ಲಿ ಸಿಗ್ತಾರೆ. ತುಮಕೂರಲ್ಲಿ ಹಾಗಲ್ಲ. 2011ರ ಜನಗಣತಿ ಪ್ರಕಾರ ನಗರದ ಜನಸಂಖ್ಯೆ ಸುಮಾರು 3 ಲಕ್ಷ 2 ಸಾವಿರ, ವಾರ್ಡು 35. ಭಾಗಿಸಿ ನೋಡಿದ್ರೆ ಒಂದು ವಾರ್ಡಿಗೆ ಸರಾಸರಿ 8,600 ಜನ, ಅದೂ ಹಳೇ ಲೆಕ್ಕ. "ಆಂಟಿಗೆ ಗೊತ್ತಿರೋದು ಮೂರು ಬೀದಿ. ಉಳಿದ ಬೀದಿಗೆ ಅವರೂ ಹೊಸಬರೇ ಅಲ್ವಾ?" ಅಂತ ಅವರು ಕೇಳಿದ್ರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಂಟಿಯನ್ನೇ ಕೇಳಿದ್ವಿ. ಅವರು, "ಹೌದು, ಆ ಕಡೆ ಕೊಳಚೆ ಪ್ರದೇಶ ಇದೆಯಲ್ಲ, ಅಲ್ಲಿಗೆ ನಾನು ಹೋಗಿರೋದೇ ಕಮ್ಮಿ. ಹೋಗ್ಬೇಕು," ಅಂದ್ರು. ಗೊತ್ತಿಲ್ಲ ಅಂತ ಒಪ್ಕೊಂಡ ಒಬ್ಬ ಅಭ್ಯರ್ಥಿಯನ್ನ ನಾವು ನೋಡಿದ್ದು ಅದೇ ಮೊದಲು.

ಇಷ್ಟೆಲ್ಲ ವಾದ ಆದ ಮೇಲೆ ನಾವು ಒಪ್ಪಿಕೊಂಡದ್ದು ಒಂದು ವಿಷಯ. ಎಷ್ಟು ವರ್ಷ ಇದ್ರು ಅನ್ನೋದು ಅಳತೆ ಆಗಬಾರದು. ಗೆದ್ದ ಮಾರನೇ ದಿನ ಬೆಳಗ್ಗೆ ನಮಗೆ ಸಿಗ್ತಾರಾ, ಸಿಕ್ಕಾಗ ನಾವು ಹೆದರದೆ ಲೆಕ್ಕ ಕೇಳಬಹುದಾ, ಇದು ಅಳತೆ ಆಗಬೇಕು. ಬಹಳ ವರ್ಷ ಇದ್ದವರಿಗೆ ಇದರಲ್ಲಿ ಅರ್ಧ ಮಾರ್ಕ್ಸ್ ಮೊದಲೇ ಸಿಕ್ಕಿರುತ್ತೆ, ಯಾಕಂದ್ರೆ ಅವರ ಮನೆ ಎಲ್ಲಿ ಅಂತ ಎಲ್ಲರಿಗೂ ಗೊತ್ತು, ಅವರು ಬಿಟ್ಟು ಹೋಗೋರೂ ಅಲ್ಲ. ಉಕ್ಕಿದ ಚರಂಡಿ ಅವರ ಮನೆ ಮುಂದೆಯೂ ನಾರುತ್ತೆ. ಉಳಿದ ಅರ್ಧ ಮಾರ್ಕ್ಸ್ ಅವರು ಗಳಿಸಬೇಕು.

ಆದ್ರೆ ಎಲೆಕ್ಷನ್ ಎಲ್ಲಿ?

ಇಷ್ಟು ಹೊತ್ತು ನಾವು ಅಳತೆಗೋಲು ಮಾಡಿದ್ವಿ. ಅಳೆಯೋಕೆ ಚುನಾವಣೆನೇ ಇಲ್ಲ ಅನ್ನೋದು ಅಸಲಿ ಸಮಸ್ಯೆ.

ತುಮಕೂರು ಪಾಲಿಕೆಗೆ ಕೊನೆಯ ಸಲ ಮತದಾನ ನಡೆದದ್ದು 2018ರ ಆಗಸ್ಟ್ 31ರಂದು, ಮೈಸೂರು ಮತ್ತು ಶಿವಮೊಗ್ಗದ ಜೊತೆಗೆ. ಸೆಪ್ಟೆಂಬರ್ 3ಕ್ಕೆ ಫಲಿತಾಂಶ ಬಂತು. 35 ವಾರ್ಡಿನಲ್ಲಿ ಬಿಜೆಪಿ 12, ಕಾಂಗ್ರೆಸ್ 10, ಜೆಡಿಎಸ್ 10, ಪಕ್ಷೇತರರು 3. ಯಾರಿಗೂ ಬಹುಮತ ಇಲ್ಲ. ಪಕ್ಷದ ಟಿಕೆಟ್ ಇಲ್ಲದೆ ಗೆದ್ದವರು 35ಕ್ಕೆ 3, ಅಂದ್ರೆ ನೂರಕ್ಕೆ ಎಂಟೂವರೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರಲ್ಲ, ನಗರದಲ್ಲಿ ಇರುತ್ತೆ. ಆಂಟಿ ಥರದವರಿಗೆ ದಾರಿ ಕಿರಿದು, ಆದ್ರೆ ಮುಚ್ಚಿಲ್ಲ ಅನ್ನೋದನ್ನ ಆ ಮೂರು ಸೀಟು ಹೇಳುತ್ತೆ.

ಆ ಚುನಾವಣೆ ನಡೆದಾಗ ನಾವು ಆರನೇ, ಏಳನೇ ಕ್ಲಾಸಿನಲ್ಲಿದ್ವಿ. ಗೆದ್ದವರ ಐದು ವರ್ಷದ ಅವಧಿ ಮುಗಿದಾಗ ಪಿಯುಸಿಯಲ್ಲಿದ್ವಿ. 2024ರಲ್ಲಿ ನಾವು ಈ ಊರಿಗೆ ಓದೋಕೆ ಬಂದಾಗಿನಿಂದ ತುಮಕೂರಲ್ಲಿ ಕಾರ್ಪೊರೇಟರ್ ಅನ್ನೋರೇ ಇಲ್ಲ. ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಇದ್ದಾರೆ, ಅಧಿಕಾರಿಗಳು ಇದ್ದಾರೆ. ಅವರು ಕೆಲಸ ಮಾಡಲ್ಲ ಅಂತ ನಾವು ಹೇಳ್ತಿಲ್ಲ. ಆದ್ರೆ ಒಬ್ಬ ಅಧಿಕಾರಿ 35 ವಾರ್ಡಿನ ಹಾಲಿನ ಅಂಗಡಿ ಹತ್ರ ಸಿಗೋಕೆ ಆಗಲ್ಲ. ವರ್ಗಾವಣೆ ಆದ್ರೆ ಹೋಗ್ತಾರೆ, ಮುಂದಿನ ಸಲ ಅವರನ್ನ ಸೋಲಿಸೋಕೂ ನಮಗೆ ಆಗಲ್ಲ.

ಇದು ತುಮಕೂರಿನ ಕತೆ ಮಾತ್ರ ಅಲ್ಲ. ಬೆಂಗಳೂರಿನ ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಆಮೇಲೆ ಚುನಾವಣೆ ಇಲ್ಲದೆಯೇ ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆ ಬಂತು. ಸಣ್ಣ ಊರುಗಳಲ್ಲಿ ಇನ್ನೊಂದು ತಮಾಷೆ. 2018 ಮತ್ತು 2019ರಲ್ಲಿ ರಾಜ್ಯದ ಎಷ್ಟೋ ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಗೆದ್ದವರು ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ವಿಷಯ ಹೈಕೋರ್ಟ್‌ನಲ್ಲಿ ಸಿಕ್ಕಿಕೊಂಡಿದ್ದರಿಂದ 2020ರ ಕೊನೆವರೆಗೂ ಅಧಿಕಾರ ಇಲ್ಲದೆ ಕಾದರು. ಪರೀಕ್ಷೆ ಪಾಸಾಗಿದೆ, ಮಾರ್ಕ್ಸ್ ಕಾರ್ಡ್ ಕೊಡಲ್ಲ ಅಂದ ಹಾಗೆ.

ಸಂವಿಧಾನ ಇದರ ಬಗ್ಗೆ ಏನು ಹೇಳುತ್ತೆ? 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಬಂದ 243ಯು ವಿಧಿ ಪ್ರಕಾರ ನಗರ ಸಂಸ್ಥೆಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಐದು ವರ್ಷ ಮುಗಿಯೋದರೊಳಗೆ ಹೊಸ ಚುನಾವಣೆ ಮುಗಿದಿರಬೇಕು. 2006ರಲ್ಲಿ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದು ಅಹಮದಾಬಾದ್ ಪಾಲಿಕೆಯ ವಿಷಯ, ಆದ್ರೆ ಮಾತು ಎಲ್ಲರಿಗೂ. ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಕೇಸು ಅಂತ ಪ್ರತಿ ಸಲ ಕಾರಣ ಇರುತ್ತೆ. ನಾವು ಅಸೈನ್‌ಮೆಂಟ್ ಲೇಟಾಗಿ ಕೊಟ್ಟಾಗ ಹೇಳೋ ಕಾರಣಗಳೂ ಸುಳ್ಳಲ್ಲ, ಆದ್ರೆ ಮಾರ್ಕ್ಸ್ ಕಟ್ ಆಗುತ್ತೆ. ಇಲ್ಲಿ ಯಾರಿಗೂ ಕಟ್ ಆಗಲ್ಲ.

ಚುನಾಯಿತ ಸದಸ್ಯರಿಲ್ಲ ಅಂದ್ರೆ ಇನ್ನೊಂದು ನಷ್ಟ ಇದೆ, ನಮಗೂ ಈಚೆಗೆ ಗೊತ್ತಾಗಿದ್ದು. 3 ಲಕ್ಷ ಅಥವಾ ಹೆಚ್ಚು ಜನ ಇರುವ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನವೇ ಹೇಳುತ್ತೆ. ಕರ್ನಾಟಕದ ಕಾಯ್ದೆಯಲ್ಲಿ ಆ ಸಮಿತಿಗೆ ವಾರ್ಡಿನ ಸದಸ್ಯರೇ ಅಧ್ಯಕ್ಷರು, ಜೊತೆಗೆ 10 ಜನ ಸದಸ್ಯರು, ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು. ಅಂದ್ರೆ ಚುನಾವಣೆಗೆ ನಿಲ್ಲದೆಯೂ ಒಬ್ಬ ಹಳೇ ನಿವಾಸಿ ತನ್ನ ನೋಟ್‌ಬುಕ್ ತಗೊಂಡು ಹೋಗಿ ಕೂರೋಕೆ ಒಂದು ಕುರ್ಚಿ ಕಾನೂನಿನಲ್ಲೇ ಇದೆ. ವಾರ್ಡಿನ ಸದಸ್ಯರೇ ಇಲ್ಲದ ಮೇಲೆ ಆ ಸಮಿತಿಗೆ ತಲೆಯೇ ಇಲ್ಲ.

ವಾರ್ಡು ಯಾರಿಗೆ ಬರುತ್ತೋ

ಆಂಟಿ ಎದುರಿಗೆ ಇನ್ನೂ ಒಂದು ಅನಿಶ್ಚಿತತೆ ಇದೆ. ಮೀಸಲಾತಿ. ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳ ಅರ್ಧ ಸ್ಥಾನ ಮಹಿಳೆಯರಿಗೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಿಗೂ ಮೀಸಲು ಇದೆ. ಯಾವ ವಾರ್ಡು ಯಾವ ವರ್ಗಕ್ಕೆ ಅನ್ನೋದು ಚುನಾವಣೆಯಿಂದ ಚುನಾವಣೆಗೆ ತಿರುಗುತ್ತಾ ಹೋಗುತ್ತೆ. ಪಟ್ಟಿ ಬರೋವರೆಗೂ ಯಾರಿಗೂ ಗೊತ್ತಿರಲ್ಲ. ಆಂಟಿಯ ವಾರ್ಡು ಅವರಿಗೆ ನಿಲ್ಲೋಕೆ ಆಗದ ವರ್ಗಕ್ಕೆ ಹೋದ್ರೆ ಇಪ್ಪತ್ತೆಂಟು ವರ್ಷದ ನೋಟ್‌ಬುಕ್ ಆ ಸಲಕ್ಕೆ ಕಪಾಟಿನಲ್ಲೇ. ಪಕ್ಕದ ವಾರ್ಡಿನಲ್ಲಿ ನಿಲ್ಲೋಕೆ ಕಾನೂನು ಬಿಡುತ್ತೆ. ಆದ್ರೆ ಅಲ್ಲಿನ ಮೋರಿ ಎಲ್ಲಿ ತಿರುಗುತ್ತೆ ಅಂತ ಅವರಿಗೆ ಗೊತ್ತಿಲ್ಲ.

ಇದನ್ನ ಕೇಳಿ ನಮ್ಮಲ್ಲಿ ಒಬ್ಬ ಮೀಸಲಾತಿಯನ್ನೇ ಬೈಯೋಕೆ ಶುರು ಮಾಡಿದ. ಆಂಟಿನೇ ತಡೆದರು. "ಲೇಡೀಸ್ ಸೀಟು ಅಂತ ಇಲ್ದೇ ಇದ್ದಿದ್ರೆ ನನ್ನಂಥೋಳು ನಿಲ್ಲೋ ಮಾತು ಆಡ್ತಿದ್ಲೇನೋ? ನೀವು ಊಟ ಮಾಡ್ಕೊಂಡು ನಗ್ತಿದ್ರಲ್ಲ, ಅಷ್ಟಕ್ಕೆ ಸುಮ್ನಾಗ್ತಿದ್ದೆ." ಹಿಂದಿನ ಸಲವೂ ಅವರ ಹೆಸರು ಕೇಳಿಕೊಂಡು ಯಾರೋ ಬಂದಿದ್ರಂತೆ. ಸಹಿ ಆಂಟಿದು, ಓಡಾಟ ಮೈದುನಂದು ಅನ್ನೋ ಲೆಕ್ಕಾಚಾರ. "ಫ್ಲೆಕ್ಸಲ್ಲಿ ನನ್ನ ಫೋಟೋಗಿಂತ ಅವನ ಫೋಟೋ ದೊಡ್ಡದು ಬರ್ತಿತ್ತು. ಬೇಡ ಅಂದೆ," ಅಂದ್ರು. ಮೀಸಲಾತಿ ಬಾಗಿಲು ತೆರೆಯುತ್ತೆ. ಒಳಗೆ ಹೋಗೋರು ಯಾರು, ಹೋದ ಮೇಲೆ ಮಾತಾಡೋರು ಯಾರು ಅಂತ ನೋಡಬೇಕಾದ್ದು ಓಟು ಹಾಕೋರು. ಹಾಗಾಗಿ ನಮ್ಮ ಸಿಟ್ಟು ಮೀಸಲಾತಿ ಮೇಲೆ ಇಲ್ಲ. ಪಟ್ಟಿಯನ್ನ ಕೊನೆ ಗಳಿಗೆವರೆಗೂ ಎಳೆಯೋದರ ಮೇಲೆ ಇದೆ. ಒಂದು ವರ್ಷ ಮೊದಲೇ ಗೊತ್ತಾದ್ರೆ ಆಂಟಿಯಂಥವರು ಗೊತ್ತಿಲ್ಲದ ಬೀದಿಗಳಲ್ಲಿ ಓಡಾಡಿ ಕಲಿಯೋಕೆ ಟೈಮ್ ಸಿಗುತ್ತೆ. ಕೊನೆ ಗಳಿಗೆಯಲ್ಲಿ ಗೊತ್ತಾದ್ರೆ ದುಡ್ಡು ರೆಡಿ ಇರೋರಿಗೆ ಮಾತ್ರ ಅನುಕೂಲ.

ನಾವು ಏನು ಮಾಡಬಹುದು?

ಬೇರೆಯವರಿಗೆ ಬುದ್ಧಿ ಹೇಳಿ ಮುಗಿಸೋ ಅಭ್ಯಾಸ ನಮಗೂ ಇದೆ. ಈ ಸಲ ನಮ್ಮಿಂದಲೇ ಶುರು ಮಾಡಿದ್ವಿ.

ಹಾಸ್ಟೆಲ್‌ನಲ್ಲಿ ಇದ್ದು ಓದೋ ವಿದ್ಯಾರ್ಥಿ ತನ್ನ ಓಟನ್ನ ಮನೆ ವಿಳಾಸದಲ್ಲಿ ಇಟ್ಟುಕೊಳ್ಳಬಹುದು ಅಥವಾ ಓದುವ ಊರಿನ ವಿಳಾಸಕ್ಕೆ ಮಾಡಿಸಿಕೊಳ್ಳಬಹುದು. ಎರಡೂ ಕಡೆ ಇಟ್ಟುಕೊಳ್ಳೋ ಹಾಗಿಲ್ಲ. ಹಾಸ್ಟೆಲ್ ವಿಳಾಸಕ್ಕೆ ಕಾಲೇಜಿನ ಮುಖ್ಯಸ್ಥರಿಂದ ಒಂದು ಘೋಷಣೆ ಪತ್ರ ಬೇಕು. ಹೊಸದಾಗಿ ಸೇರೋಕೆ ಫಾರಂ 6, ವಿಳಾಸ ಬದಲಿಸೋಕೆ ಫಾರಂ 8. ಆನ್‌ಲೈನಲ್ಲೇ ತುಂಬಬಹುದು, ರೀಲ್ಸ್ ನೋಡೋ ಟೈಮಲ್ಲಿ ಮುಗಿಯುತ್ತೆ. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ, ವರ್ಷಕ್ಕೆ ನಾಲ್ಕು ದಿನಾಂಕ ಇದೆ. ಪಾಲಿಕೆ ಚುನಾವಣೆಯ ವಾರ್ಡ್ ಪಟ್ಟಿ ತಯಾರಾಗೋದು ವಿಧಾನಸಭೆಯ ಮತದಾರರ ಪಟ್ಟಿಯಿಂದಲೇ. ಚುನಾವಣೆ ಘೋಷಣೆ ಆದ ಮೇಲೆ ಓಡಾಡಿದ್ರೆ ತಡ ಆಗುತ್ತೆ.

ಎಲ್ಲರೂ ತುಮಕೂರಿಗೇ ಬದಲಿಸಿ ಅಂತ ನಾವು ಹೇಳಲ್ಲ. ನಮ್ಮ ಗುಬ್ಬಿಯ ಇಬ್ಬರು ದಿನಾ ಟ್ರೇನಲ್ಲಿ ಓಡಾಡ್ತಾರೆ, ಅವರ ಚರಂಡಿ ಅಲ್ಲೇ ಇದೆ, ಓಟೂ ಅಲ್ಲೇ ಇರಲಿ ಅಂದ್ರು. ಕುಣಿಗಲ್‌ನವನು ಬಹಳ ಯೋಚನೆ ಮಾಡಿ ಊರಲ್ಲೇ ಇಟ್ಟುಕೊಂಡ. "ಲೆಕ್ಕ ಕೇಳೋಕೆ ನಾಲಗೆ ಏಳಲ್ಲ ಅಂದಿದ್ದು ನಾನೇ ಅಲ್ವಾ, ಮೊದಲು ಅಲ್ಲಿ ಏಳಿಸ್ತೀನಿ," ಅಂದ. ಉಳಿದವರಲ್ಲಿ ಮೂವರು ಇಲ್ಲಿಗೆ ಅರ್ಜಿ ಹಾಕಿದ್ದೇವೆ. ಒಬ್ಬ ಇನ್ನೂ ಸೋಮಾರಿ. ಹೆಸರು ಹೇಳಲ್ಲ, ಓದ್ತಾ ಇದ್ರೆ ಅವನಿಗೆ ಗೊತ್ತಾಗುತ್ತೆ.

ಇನ್ನು ಅಭ್ಯರ್ಥಿಗಳು ಬಂದಾಗ ಕೇಳೋಕೆ ನಾವು ಪ್ರಶ್ನೆಗಳನ್ನ ಬರೆದಿಟ್ಟುಕೊಂಡಿದ್ದೇವೆ. ನೀವೂ ಕಾಪಿ ಹೊಡೀಬಹುದು, ಇದಕ್ಕೆ ಮಾಲ್‌ಪ್ರಾಕ್ಟೀಸ್ ಕೇಸ್ ಇಲ್ಲ. ಈ ವಾರ್ಡಿನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ? ನಿಮಗೆ ಗೊತ್ತಿಲ್ಲದ ಬೀದಿ ಯಾವುದು, ಅಲ್ಲಿಗೆ ಯಾವಾಗ ಹೋಗ್ತೀರಿ? ಬಾಡಿಗೆಗೆ ಇರೋರು, ಪಿಜಿಯಲ್ಲಿ ಇರೋರು ನಿಮ್ಮ ಲೆಕ್ಕದಲ್ಲಿ ವಾರ್ಡಿನವರಾ? ವಾರ್ಡ್ ಸಮಿತಿ ಮಾಡ್ತೀರಾ, ಸಭೆ ಎಲ್ಲಿ, ಯಾವ ದಿನ? ಮಹಿಳಾ ಅಭ್ಯರ್ಥಿ ಆದ್ರೆ, ಫೋನ್ ಮಾಡಿದ್ರೆ ನೀವೇ ಎತ್ತುತ್ತೀರಾ? ಕೊನೇ ಪ್ರಶ್ನೆ ಎಲ್ಲರಿಗೂ: ಬೆಳಗ್ಗೆ ನೀವು ಎಲ್ಲಿ ಸಿಗ್ತೀರಿ?

ಈ ಪ್ರಶ್ನೆಗಳನ್ನ ಮೊದಲು ಆಂಟಿಗೇ ಕೇಳಿದ್ವಿ. ಐದಕ್ಕೆ ಉತ್ತರ ಬಂತು. ವಾರ್ಡ್ ಸಮಿತಿ ಬಗ್ಗೆ ಅವರಿಗೂ ಗೊತ್ತಿರಲಿಲ್ಲ, ನಮಗೆ ಗೊತ್ತಿದ್ದಷ್ಟು ಹೇಳಿದ್ವಿ, ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಬರ್ಕೊಂಡ್ರು. ನಾವು ಅವರಿಗೇ ಓಟು ಹಾಕ್ತೀವಾ ಅಂದ್ರೆ ಗೊತ್ತಿಲ್ಲ. ಅವರಿಗಿಂತ ಚೆನ್ನಾಗಿ ಉತ್ತರ ಕೊಡೋರು ಬಂದ್ರೆ ಅವರಿಗೆ ಅಂತ ಮುಖದ ಮೇಲೇ ಹೇಳಿದ್ದೇವೆ. "ಹಾಗೇ ಮಾಡ್ರಪ್ಪ. ಆದ್ರೆ ಊಟಕ್ಕೆ ಇಲ್ಲಿಗೇ ಬರ್ಬೇಕಲ್ಲ," ಅಂತ ನಕ್ಕರು.

ಈ ಶನಿವಾರ ಸಂಜೆ ಐದಕ್ಕೆ ಕನ್ನಡ ಸಂಘದ ರೂಮಿನಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರ್ತೀವಿ. ಫಾರಂ 6 ತುಂಬೋಕೆ ಗೊತ್ತಾಗದಿದ್ದವರು ಬನ್ನಿ, ಆಧಾರ್ ಕಾರ್ಡು ಮತ್ತು ಒಂದು ಫೋಟೋ ತನ್ನಿ. ಚುನಾವಣೆ ಯಾವಾಗ ಅಂತ ನಮ್ಮ ಕೈಲಿಲ್ಲ. ಬಂದಾಗ ಪಟ್ಟಿಯಲ್ಲಿ ನಮ್ಮ ಹೆಸರು ಇರುತ್ತಾ ಅನ್ನೋದು ನಮ್ಮ ಕೈಲೇ ಇದೆ.